ಪ್ಯಾರಿಸ್ಸಿನ ಥಿಯೇಟರ್ ತೋರಿಸುತ್ತೇವೆಂದು ದುಡ್ಡು ಪಡೆದ ಟೂರ್ ಕಂಪನಿಗೆ

ಗೆ,
ಪ್ರಧಾನ ವ್ಯವಸ್ಥಾಪಕರು,
ಯೂರೋಪ್ ಪ್ರವಾಸ ವಿಭಾಗ,
ಬೆಂಗಳೂರು.

ವಿಷಯ: ಪ್ಯಾರಿಸ್ಸಿನ ಸ್ಟುಡಿಯೋ 28 ಚಿತ್ರಮಂದಿರದ ಭೇಟಿಗೆ ಹಣ ಪಡೆದು, ಭೇಟಿಯನ್ನೂ ಮಾಡಿಸದೆ ಹಣವನ್ನೂ ವಾಪಸ್ ಕೊಡದೆ ಇರುವ ಬಗ್ಗೆ.

ಮಾನ್ಯರೇ,

ನಿಮ್ಮ ಕಾಲ್ ಸೆಂಟರಿನ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಫೋನ್ ಮಾಡಿದಾಗಲೆಲ್ಲ "ನೋಟ್ ಮಾಡ್ಕೊಂಡಿದೀನಿ ಸಾರ್, ಮೇಲಿನವರು ಕಾಲ್ ಮಾಡ್ತಾರೆ" ಎನ್ನುತ್ತಾರೆ. ಆ ಮೇಲಿನವರು ಎಷ್ಟು ಮೇಲಿದ್ದಾರೋ ಏನೋ, ಅಲ್ಲಿ ಸಿಗ್ನಲ್ ಸಿಗುತ್ತಿಲ್ಲ ಅಂತ ಕಾಣುತ್ತೆ. ಅದಕ್ಕೇ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸಹಿ ಮಾಡಿ ತೆಗೆದುಕೊಳ್ಳಲೇಬೇಕು.

ನಿಮ್ಮ ಟೂರ್ ಕೈಪಿಡಿಯ ಪ್ಯಾರಿಸ್ ಪುಟದಲ್ಲಿ ಹೀಗಿದೆ: "ಐಚ್ಛಿಕ ಸಂಜೆ: ಮೊಂಮಾರ್ತ್ರ ಗುಡ್ಡದ ಐತಿಹಾಸಿಕ ಕಲಾತ್ಮಕ ಚಿತ್ರಮಂದಿರ ಸ್ಟುಡಿಯೋ 28ರಲ್ಲಿ ಸಿನಿಮಾ. ತಲೆಗೆ 6,500 ರೂ." ನಾನು, ನನ್ನ ಹೆಂಡತಿ ಇಬ್ಬರಿಗೂ ಸೇರಿ 13,000 ರೂಪಾಯಿ ಕಟ್ಟಿದೆವು. ರಸೀದಿ ಇದೆ. ಅದೇ ಕೈಪಿಡಿಯ ಕೊನೇ ಪುಟದ ಷರತ್ತುಗಳಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ಐಚ್ಛಿಕ ಕಾರ್ಯಕ್ರಮವನ್ನು ಕಂಪನಿಯೇ ಕೈಬಿಟ್ಟರೆ 30 ದಿನದೊಳಗೆ ಪೂರ್ತಿ ಹಣ ವಾಪಸ್ ಎಂದು ಬರೆದಿದ್ದೀರಿ. ಬರೆದವರು ನೀವು, ಭೂತಗನ್ನಡಿ ಹಿಡಿದು ಓದಿದವನು ನಾನು. ನಿಮ್ಮ ರೂಲ್ಸ್ ನಿಮಗೆ ಹೇಳಿಕೊಡುವ ಕೆಲಸ ನನ್ನದಲ್ಲ.

ಆ ಥಿಯೇಟರಿನಲ್ಲಿ ಅಂಥದ್ದೇನಿದೆ ಅಂತ ನಿಮ್ಮ ಟೂರ್ ಮ್ಯಾನೇಜರ್ ಕೇಳಿದ್ದರು. ಕೈಪಿಡಿಯಲ್ಲಿ ಫೋಟೋ ಹಾಕಿ ಮಾರುವವರಿಗೆ ಅದು ಗೊತ್ತಿರಬೇಕಿತ್ತು. ಇರಲಿ, ಹೇಳುತ್ತೇನೆ. 1928ರ ಫೆಬ್ರುವರಿಯಲ್ಲಿ ಶುರುವಾದ ಥಿಯೇಟರ್ ಅದು. ಹೆಸರಿನ 28 ಅಲ್ಲಿಂದಲೇ ಬಂದಿದ್ದು. ಶುರುವಿನಲ್ಲೇ ಫ್ರೆಂಚ್ ನಿರ್ದೇಶಕ ಆಬೆಲ್ ಗಾನ್ಸ್ ಮೂರು ಪರದೆ ಜೋಡಿಸಿ ಮಾಡಿದ ಪ್ರಯೋಗಗಳನ್ನು ಅಲ್ಲಿ ತೋರಿಸಿದರು. 1930ರಲ್ಲಿ ಸ್ಪೇನಿನ ನಿರ್ದೇಶಕ ಬುನ್ಯುಯೆಲ್‌ನ 'ಲಾಜ್ ದೋರ್' ಸಿನಿಮಾ ಹಾಕಿದಾಗ ಬಲಪಂಥೀಯ ಗುಂಪಿನವರು ನುಗ್ಗಿ ಪರದೆಗೆ ಶಾಯಿ ಎರಚಿದರು, ಕುರ್ಚಿ ಮುರಿದರು, ಹಜಾರದಲ್ಲಿದ್ದ ಡಾಲಿ, ಮ್ಯಾಕ್ಸ್ ಅರ್ನ್ಸ್ಟ್, ಮಿರೋ ಅಂಥ ಕಲಾವಿದರು ಬರೆದ ಚಿತ್ರಗಳನ್ನು ಹಾಳು ಮಾಡಿದರು. ಕೆಲವೇ ದಿನಗಳಲ್ಲಿ ಪೊಲೀಸರು ಸಿನಿಮಾ ನಿಲ್ಲಿಸಿದರು. ಆ ನಿಷೇಧ ಸುಮಾರು ಅರ್ಧ ಶತಮಾನ ನಡೆಯಿತು. ಇಷ್ಟೆಲ್ಲಾ ಆದ ಮೇಲೂ ಆ ಥಿಯೇಟರ್ ಇವತ್ತಿಗೂ ಅದೇ ತೊಲೊಜೆ ಬೀದಿಯಲ್ಲಿ, ಒಂದೇ ಪರದೆ ಇಟ್ಟುಕೊಂಡು ನಡೆಯುತ್ತಿದೆ. ಒಳಗಿನ ದೀಪಗಳನ್ನು ವಿನ್ಯಾಸ ಮಾಡಿದ್ದು ಕವಿ, ಸಿನಿಮಾ ನಿರ್ದೇಶಕ ಜಾನ್ ಕಾಕ್ಟೊ. ಆ ದೀಪದ ಕೆಳಗೆ ಒಂದು ಸಿನಿಮಾ ನೋಡಬೇಕು ಅನ್ನುವುದು, ನಾನು ಫಿಲಂ ಸೊಸೈಟಿಯ ಮಡಿಸುವ ಕುರ್ಚಿಯಲ್ಲಿ ಕೂತು 16 ಎಂಎಂ ರೀಲು ನೋಡುತ್ತಿದ್ದ ಕಾಲದಿಂದ ಇದ್ದ ಆಸೆ. ನಮ್ಮೂರಿನಲ್ಲಿ ಎಂ.ಜಿ. ರಸ್ತೆಯ ಪ್ಲಾಜಾ ಥಿಯೇಟರ್ ಹೋಗಿ ಮೆಟ್ರೋ ಸ್ಟೇಷನ್ ಬಂತು, ಕಪಾಲಿ ಹೋಯಿತು, ಮೊನ್ನೆ 2024ರಲ್ಲಿ ಕಾವೇರಿಯನ್ನೂ ಕೆಡವಿದರು. ಅಲ್ಲಿ ಮಾತ್ರ ಹೇಗೆ ಉಳಿಯುತ್ತೆ ಅಂದರೆ, ಫ್ರಾನ್ಸಿನಲ್ಲಿ ಮಾರುವ ಪ್ರತಿ ಸಿನಿಮಾ ಟಿಕೆಟ್ಟಿನಲ್ಲಿ ಶೇ. 10.72 ಸಿನಿಮಾದ ನಿಧಿಗೇ ಹೋಗುತ್ತೆ. ಇಂಥ ಥಿಯೇಟರುಗಳಿಗೂ ಅದರಿಂದ ನೆರವು ಸಿಗುತ್ತೆ. ದೊಡ್ಡ ಹೀರೋ ಸಿನಿಮಾ ನೋಡುವವನೂ ಗೊತ್ತಿಲ್ಲದೆ ಸಣ್ಣ ಥಿಯೇಟರನ್ನು ಸಾಕುತ್ತಾನೆ. ನಿಮ್ಮಲ್ಲಿ ಉಲ್ಟಾ. ಸಣ್ಣ ಥಿಯೇಟರ್ ಹೆಸರಲ್ಲಿ ನಾವು ಕೊಟ್ಟ ದುಡ್ಡು ಯಾರನ್ನು ಸಾಕಿತು ಅನ್ನುವುದೇ ನನ್ನ ಪ್ರಶ್ನೆ.

ಈಗ ಆ ಸಂಜೆಯ ವಿಚಾರ.

ಮಧ್ಯಾಹ್ನ ಓಪೆರಾ ಹತ್ತಿರದ ಸೆಂಟಿನ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂರಿಸಿದರು. ಇದು ಐಚ್ಛಿಕ ಅಲ್ಲ, ಗಮನಿಸಿ. ಸೆಂಟು ಬೇಡದವರೂ ಇರಬೇಕು. ಕೂಗಳತೆ ದೂರದಲ್ಲಿ ಕಪೂಸೀನ್ ರಸ್ತೆಯ 14ನೇ ನಂಬರ್ ಇದೆ. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಒಂದು ಫ್ರಾಂಕ್ ಟಿಕೆಟ್ ಇಟ್ಟು ಜನರಿಗೆ ಸಿನಿಮಾ ತೋರಿಸಿದ್ದು ಅಲ್ಲಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ. ಏಳು ತಿಂಗಳು ತುಂಬುವುದರೊಳಗೆ ಅವರ ಚಿತ್ರಗಳು ಬೊಂಬಾಯಿಯ ವಾಟ್ಸನ್ ಹೋಟೆಲಿಗೂ ಬಂದವು. ಐದು ನಿಮಿಷ ನೋಡಿ ಬರ್ತೀನಿ ಅಂದೆ. "ಟಾಯ್ಲೆಟ್‌ಗೆ ಮಾತ್ರ ಪರ್ಮಿಶನ್ ಅಂಕಲ್" ಅಂದರು ನಿಮ್ಮ ಮ್ಯಾನೇಜರ್. ಸರಿ, ಸಂಜೆ ಥಿಯೇಟರ್ ಇದೆಯಲ್ಲ ಅಂತ ಸುಮ್ಮನಾದೆ.

ಸಂಜೆ ಬಸ್ಸು ಮೌಲಿನ್ ರೂಜ್ ಮುಂದೆ ನಿಂತಿತು. ದೊಡ್ಡ ಬಸ್ಸು ಗುಡ್ಡ ಹತ್ತುವುದಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿಂದ ಲೆಪಿಕ್ ಬೀದಿ ಹಿಡಿದು ನಡೆದರೆ ಸ್ಟುಡಿಯೋ 28ಕ್ಕೆ ಹತ್ತು ನಿಮಿಷವೂ ಬೇಡ. ನಾನು ಎದ್ದು ಜರ್ಕಿನ್ ಹಾಕಿಕೊಂಡೆ. ಆಗ ನಿಮ್ಮ ಮ್ಯಾನೇಜರ್ ಮೈಕ್ ಕೈಗೆ ತೆಗೆದುಕೊಂಡರು.

"ಎಲ್ರೂ ಒಂದ್ ನಿಮಿಷ ಕೇಳಿ. ನಮ್ಮ ಅಂಕಲ್‌ಗೆ ಪಿಕ್ಚರ್ ನೋಡೋ ಆಸೆ. ಹಳೇದು. ಫ್ರೆಂಚು."

ಹಿಂದಿನ ಸೀಟಿನಿಂದ ಯಾರೋ ಶಿಳ್ಳೆ ಹೊಡೆದರು.

"ಆಸೆ ಅಲ್ಲಪ್ಪ, ದುಡ್ಡು ಕಟ್ಟಿದೀನಿ" ಅಂದೆ. ನನ್ನ ಹತ್ತಿರ ಮೈಕ್ ಇರಲಿಲ್ಲ. ಆ ಮಾತು ಎರಡು ಸೀಟು ದಾಟಲಿಲ್ಲ.

"ದುಡ್ಡೆಲ್ಲೂ ಹೋಗಲ್ಲ ಅಂಕಲ್. ಆದ್ರೆ ಈಗ ಸಿನಿಮಾಗೆ ಹೋದ್ರೆ ಡ್ರೈವರ್ ಡ್ಯೂಟಿ ಟೈಮ್ ಮೀರುತ್ತೆ. ಇಲ್ಲಿ ರೂಲ್ಸ್ ಭಾಳ ಸ್ಟ್ರಿಕ್ಟು."

ಯೂರೋಪಿನಲ್ಲಿ ನಾಲ್ಕೂವರೆ ಗಂಟೆ ಬಸ್ಸು ಓಡಿಸಿದ ಡ್ರೈವರ್ 45 ನಿಮಿಷ ವಿಶ್ರಾಂತಿ ತಗೊಳ್ಳಲೇಬೇಕು, ದಿನಕ್ಕೆ ಇಷ್ಟೇ ಗಂಟೆ ಅಂತಲೂ ಇದೆ. ಒಳ್ಳೆಯ ನಿಯಮ. ಆದರೆ ಸೆಂಟಿನ ಅಂಗಡಿಯ ಮುಂದೆ ಆ ನಿಯಮ ಯಾರ ನೆನಪಿಗೂ ಬರಲಿಲ್ಲ.

"ಬಸ್ಸು ಹೋಗಲಿ. ದುಡ್ಡು ಕಟ್ಟಿರೋರು ಸಿನಿಮಾ ಮುಗಿಸಿ ಮೆಟ್ರೋದಲ್ಲಿ ಹೋಟೆಲಿಗೆ ಬರ್ತೀವಿ. ಸ್ಟೇಷನ್ ಇಲ್ಲೇ ಎದುರಿಗೇ ಇದೆ" ಅಂದೆ.

"ಕಳೆದುಹೋದ್ರೆ? ನಿಮ್ಮ ವಯಸ್ಸಲ್ಲಿ ರಿಸ್ಕ್ ಯಾಕೆ ಅಂಕಲ್? ನಿಮ್ಮ ಮಕ್ಕಳಿಗೆ ನಾನು ಏನಂತ ಹೇಳ್ಲಿ?"

ಇದೂ ಮೈಕಿನಲ್ಲೇ. ಜನ ನಕ್ಕರು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಜೀವಮಾನವಿಡೀ ಕಳೆದುಹೋಗದವನು, ಬೀದಿ ಬೀದಿಗೂ ಬೋರ್ಡ್ ಇರುವ ಊರಿನಲ್ಲಿ ಕಳೆದುಹೋಗುತ್ತೇನಂತೆ. ಮಕ್ಕಳ ಮಾತು ಬಂದಾಗ ನನಗೆ ನಿಜಕ್ಕೂ ಬಾಯಿ ಕಟ್ಟಿತು. ಬಸ್ಸಿನಲ್ಲಿದ್ದ ಸಣ್ಣ ಹುಡುಗನೊಬ್ಬ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

ಆಮೇಲೆ ನಡೆದದ್ದು ಬಾಕಿ ಎಲ್ಲಕ್ಕಿಂತ ಮೇಲು.

"ಸರಿ, ಡೆಮಾಕ್ರಸಿ ಮಾಡೋಣ. ಸಿನಿಮಾ ಬೇಕು ಅನ್ನೋರು ಕೈ ಎತ್ತಿ."

ನಾನು ಕೈ ಎತ್ತಿದೆ. ಮೈಸೂರಿನ ನಿವೃತ್ತ ಲೆಕ್ಚರರ್ ಮೇಡಂ ಎತ್ತಿದರು. ನನ್ನ ಹೆಂಡತಿಯ ಕೈ ಭುಜದವರೆಗೆ ಬಂತು. ಅವಳು ಅಕ್ಕಪಕ್ಕ ನೋಡಿದಳು. ಅದೇ ಕೈಯಲ್ಲಿ ಕೂದಲು ಸರಿಮಾಡಿಕೊಂಡಳು. ಅವಳನ್ನು ನಾನು ದೂರುವುದಿಲ್ಲ. ನಲವತ್ತು ಜನ ದುರುಗುಟ್ಟಿ ನೋಡುತ್ತಿದ್ದರೆ ಯಾರ ಕೈ ತಾನೇ ಮೇಲೇಳುತ್ತೆ? ನಮ್ಮ ಜೊತೆ ದುಡ್ಡು ಕಟ್ಟಿದ್ದ ದಾವಣಗೆರೆಯ ದಂಪತಿ ಕಿಟಕಿ ಕಡೆ ತಿರುಗಿ ಕೂತರು.

"ಶಾಪಿಂಗ್ ಬೇಕು ಅನ್ನೋರು?"

ಬಸ್ಸಿಗೆ ಬಸ್ಸೇ ಕೈ ಎತ್ತಿತು. ಕೆಲವರು ಎರಡೂ ಕೈ ಎತ್ತಿದರು.

ಇಲ್ಲಿ ನಾನು ಕೇಳುವುದು ಒಂದೇ. ಸಿನಿಮಾಕ್ಕೆ ಒಂದು ಪೈಸೆಯೂ ಕೊಡದವರಿಗೆ ಆ ವೋಟಿನ ಹಕ್ಕು ಯಾರು ಕೊಟ್ಟರು? ನಿಮ್ಮ ಷರತ್ತುಗಳಲ್ಲಿ ಹುಡುಕಿದೆ. "ಬಹುಮತ" ಅನ್ನುವ ಶಬ್ದ ಎಲ್ಲೂ ಇಲ್ಲ. ನಾಳೆ ಜೈನ್ ಊಟಕ್ಕೆ ಹೆಚ್ಚಿಗೆ ದುಡ್ಡು ಕಟ್ಟಿದವರ ಊಟಕ್ಕೂ ಬಸ್ಸಿನಲ್ಲಿ ವೋಟ್ ಹಾಕಿಸುತ್ತೀರಾ?

"ಸಾರಿ ಅಂಕಲ್, ಸೋತ್ರಿ" ಅಂದರು ನಿಮ್ಮ ಮ್ಯಾನೇಜರ್. "ಬೇಜಾರ್ ಮಾಡ್ಕೋಬೇಡಿ. ನಿಮಗೋಸ್ಕರ ಬಸ್ಸಲ್ಲೇ ಪಿಕ್ಚರ್ ಹಾಕ್ತೀನಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಪೆನ್ ಡ್ರೈವ್ ಚುಚ್ಚಿ ಯಾವುದೋ ಹೊಸ ಕಾಮಿಡಿ ಹಾಕಿದರು. ಥಿಯೇಟರಿನಲ್ಲಿ ಕದ್ದು ಶೂಟ್ ಮಾಡಿದ ಕಾಪಿ ಅದು. ಮಧ್ಯೆ ಯಾರೋ ಎದ್ದು ಹೋಗುವ ನೆರಳು, ಯಾರೋ ಕೆಮ್ಮುವ ಸದ್ದು. ಅಷ್ಟರ ಮಟ್ಟಿಗೆ ಥಿಯೇಟರಿನ ಅನುಭವ ಕೊಟ್ಟಿದ್ದೀರಿ, ಇಲ್ಲ ಅನ್ನುವುದಿಲ್ಲ. ಇಂಟರ್‌ವಲ್ ಬರುವ ಮೊದಲೇ ಹೋಟೆಲ್ ಬಂತು. ಟಿವಿ ಆರಿಸಿದರು.

ಇದಕ್ಕೆ ನಿಮ್ಮ ಆಫೀಸಿನಿಂದ ಬಂದ ಇಮೇಲುಗಳು ಒಂದಕ್ಕಿಂತ ಒಂದು ಚೆನ್ನ. ಮೊದಲನೆಯದರಲ್ಲಿ ಆ ದಿನ ಥಿಯೇಟರಿಗೆ ರಜೆ ಇತ್ತು ಅಂದಿರಿ. ಮುಂದಿನದರಲ್ಲಿ ಪ್ರವಾಸಿಗರೇ ಬೇಡ ಅಂದರು ಅಂದಿರಿ. ರಜೆ ಇದ್ದ ಥಿಯೇಟರನ್ನು ಬೇಡ ಅನ್ನುವ ಕಷ್ಟ ಅವರಿಗೆ ಯಾಕೆ ಬಂತೋ. ಆಮೇಲೆ ಬದಲಿಗೆ ಸೇನ್ ನದಿಯ ಬೋಟ್ ಪ್ರಯಾಣ ಕೊಟ್ಟಿದ್ದೇವೆ ಅಂದಿರಿ. ಆ ಬೋಟು ನಿಮ್ಮ ಕೈಪಿಡಿಯಲ್ಲಿ ಎಲ್ಲರಿಗೂ ಉಚಿತ ಅಂತ ಮೊದಲಿನಿಂದ ಇದೆ. ಎಲ್ಲರಿಗೂ ಬಡಿಸಿದ ಅನ್ನವನ್ನೇ ನನ್ನ ಪಾಲಿನ ಪಾಯಸ ಅಂತ ಲೆಕ್ಕ ಬರೆದಿದ್ದೀರಿ. ಕೊನೆಗೆ "ವಿಶೇಷ ಗೌರವ"ವಾಗಿ 2,000 ರೂಪಾಯಿಯ ಕೂಪನ್. ಅದನ್ನು ಬಳಸಬೇಕಾದರೆ ಇನ್ನೊಂದು ಯೂರೋಪ್ ಟೂರ್ ಬುಕ್ ಮಾಡಬೇಕಂತೆ. ನಿಮ್ಮ ಗೌರವದಿಂದ ನಮ್ಮನ್ನು ದೇವರೇ ಕಾಪಾಡಬೇಕು.

ಇಷ್ಟಾದರೂ ನಾನು ಸುಮ್ಮನೆ ಇರುತ್ತಿದ್ದೆನೇನೋ. 13,000 ಹೋದರೆ ಹೋಯಿತು, ಬಿಪಿ ಮಾತ್ರೆಗೆ ಜಾಸ್ತಿ ಖರ್ಚಾಗುವುದು ಬೇಡ ಅಂತ ಮನೆಯಲ್ಲೂ ಹೇಳುತ್ತಿದ್ದರು. ಆದರೆ ಕಳೆದ ಭಾನುವಾರ ಪೇಪರಿನ ಜೊತೆ ನಿಮ್ಮ ಹೊಸ ಸೀಸನ್ನಿನ ಕರಪತ್ರ ಬಂತು. ಅದರ ಒಳಪುಟದಲ್ಲಿ ಒಂದು ಗ್ರೂಪ್ ಫೋಟೋ. ಕೆಳಗೆ "ಪ್ಯಾರಿಸ್ಸಿನ ಐತಿಹಾಸಿಕ ಕಲಾತ್ಮಕ ಚಿತ್ರಮಂದಿರದ ಮುಂದೆ ನಮ್ಮ ಸಂತೃಪ್ತ ಪ್ರವಾಸಿಗರು" ಅಂತ ಬರೆದಿದೆ. ಅದರಲ್ಲಿ ನಾನಿದ್ದೇನೆ. ಜರ್ಕಿನ್ ಹಾಕಿಕೊಂಡು, ಬಾಯಿ ಅರ್ಧ ತೆರೆದುಕೊಂಡು. ಬಹುಶಃ ಶಾಪಿಂಗಿಗೆ ಬಸ್ಸಿಳಿದ ಮೇಲೂ ದುಡ್ಡು ಕಟ್ಟಿದೀನಿ ಅಂತ ಹೇಳುತ್ತಿದ್ದ ಹೊತ್ತಿನದು. ನನ್ನ ತಲೆಯ ಹಿಂದೆ ಕೆಂಪು ಗಾಳಿಯಂತ್ರ ಕಾಣುತ್ತಿದೆ. ಅದು ಮೌಲಿನ್ ರೂಜ್, ಸ್ವಾಮಿ. 1889ರಿಂದ ಹೆಸರು ಮಾಡಿರುವ ಕ್ಯಾಬರೆ. ನನ್ನ ಷಡ್ಡಕ ಶಿವಮೊಗ್ಗದಿಂದ ಫೋನ್ ಮಾಡಿ "ಏನ್ ಭಾವ, ಈ ವಯಸ್ಸಲ್ಲಿ?" ಅಂತ ಕೇಳಿದ. ನಾನು ಅವನಿಗೆ ಏನಂತ ಹೇಳಲಿ? ನಿಮ್ಮ ಕಾಲ್ ಸೆಂಟರಿಗೆ ಫೋನ್ ಮಾಡು ಅನ್ನಲಾ?

ಹಾಗಾಗಿ ಮುಂದಿನ ದಾರಿ ನಾನು ನೋಡಿಕೊಂಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕಿಲ್ಲ, ನಾನೇ ವಾದ ಮಾಡಬಹುದು. ನನಗೆ ಮಾತಾಡಲು ಸಮಯ ಬೇಕಾದಷ್ಟಿದೆ, ಈ ಸಲ ಮೈಕ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಸೇವೆಯ ಕೊರತೆಗೆ ಒಂದು ದೂರು. ಕರಪತ್ರದ ಫೋಟೋಕ್ಕೆ ಬೇರೆ ದೂರು, ಅದು ದಾರಿ ತಪ್ಪಿಸುವ ಜಾಹೀರಾತು. ಅಂಥದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಹುದು. ರಸೀದಿ, ಕೈಪಿಡಿ, ನಿಮ್ಮ ಇಮೇಲುಗಳು, ಕರಪತ್ರ ಎಲ್ಲದರ ಜೆರಾಕ್ಸ್ ಇದರ ಜೊತೆಗಿದೆ. ಒರಿಜಿನಲ್ ನನ್ನ ಹತ್ತಿರವೇ ಇರುತ್ತೆ. ಮೈಸೂರಿನ ಮೇಡಂ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅವರು ತರ್ಕಶಾಸ್ತ್ರ ಪಾಠ ಮಾಡಿದವರು, ನಿಮ್ಮ ರಜೆಯ ಇಮೇಲನ್ನು ಅವರಿಗೆ ತೋರಿಸಿದ್ದೇನೆ.

ಪತ್ರ ತಲುಪಿದ 15 ದಿನದೊಳಗೆ 13,000 ರೂಪಾಯಿ ನನ್ನ ಖಾತೆಗೆ ಬರಬೇಕು. ಆ ಕರಪತ್ರ ಹಂಚುವುದು ಇವತ್ತೇ ನಿಲ್ಲಬೇಕು. ಕೂಪನ್ ವಾಪಸ್ ಕಳಿಸಿದ್ದೇನೆ, ನಿಮ್ಮ ಮ್ಯಾನೇಜರಿಗೆ ಕೊಡಿ.

ಇನ್ನೊಂದು ವಿಷಯ. ಹೊರಡುವ ಮುಂಚೆ ಪ್ರವಾಸಿಗರನ್ನು ಕರೆದು ಉಪ್ಪಿಟ್ಟು, ಕೇಸರಿಬಾತ್ ಕೊಟ್ಟು ಮೀಟಿಂಗ್ ಮಾಡುತ್ತೀರಲ್ಲ, ಈ ಸೀಸನ್ನಿನ ಮೀಟಿಂಗ್ ಯಾವ ಹಾಲ್‌ನಲ್ಲಿ, ಎಷ್ಟು ಗಂಟೆಗೆ ಅಂತ ನಿಮ್ಮ ಕರಪತ್ರದಲ್ಲೇ ಅಚ್ಚಾಗಿದೆ. ಸ್ಟುಡಿಯೋ 28 ಎಲ್ಲಿದೆ, ಅದಕ್ಕೆ ದುಡ್ಡು ಕಟ್ಟಿದರೆ ಏನಾಗುತ್ತೆ ಅಂತ ಹೊಸಬರಿಗೆ ತಿಳಿಸಲು ನಾನು ಅಲ್ಲಿಗೆ ಬರುತ್ತಿದ್ದೇನೆ. ದುಡ್ಡು ವಾಪಸ್ ಬಂದರೂ ಬರುತ್ತೇನೆ.

ಇತಿ,
ನಿಮ್ಮ ಕರಪತ್ರದಲ್ಲಿ ಎಡದಿಂದ ಮೂರನೆಯವನು