ಪಾದೋವಾಗೆ ಹೊರಟ ಮಗಳಿಗೆ

ಪುಟ್ಟಿ,

ಇಟಲಿಯ ಪಾದೋವಾದಲ್ಲೇ ಪಿಎಚ್‌ಡಿ ಸೀಟು ಸಿಕ್ಕಿತು ಅಂತ ನಿನ್ನೆ ನೀನು ಹೇಳಿದಾಗ ನನ್ನ ಬಾಯಿಂದ ಬಂದದ್ದು "ಇನ್ನೂ ಮೂರು ವರ್ಷವಾ?" ಅಂತ. ನೀನು ಫೋನ್ ಇಟ್ಟುಬಿಟ್ಟೆ. ಆಗಿನಿಂದ ಅಮ್ಮನೂ ನನ್ನ ಜೊತೆ ಮಾತಾಡುತ್ತಿಲ್ಲ. ಫೋನಿನಲ್ಲಾದರೆ ಮತ್ತೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ವೆನಿಸ್‌ನಿಂದ ಮಳೆಯಲ್ಲಿ ಅಲ್ಲಿಗೆ ಹೋಗಿಬಂದದ್ದು ನಿನಗೂ ನೆನಪಿದೆ. ನನ್ನ ತಲೆಯಿಂದ ಹೋಗದೆ ಇರುವುದು ಅಲ್ಲಿನ ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಪಲಾಜೋ ಬೋ ಒಳಗಿನ ಆ ಹೆಣ ಕೊಯ್ದು ಪಾಠ ಹೇಳುತ್ತಿದ್ದ ಕೋಣೆ. 1595ರದ್ದು. ನಮ್ಮನ್ನು ಕೆಳಗೆ ನಿಲ್ಲಿಸಿ ಮೇಲೆ ನೋಡಿ ಅಂದರು. ಬಾವಿಯ ತಳದಲ್ಲಿ ನಿಂತ ಹಾಗಿತ್ತು. ಸುತ್ತ ಒಂದರ ಮೇಲೊಂದು ಆರು ಸುತ್ತು ಮರದ ಕಟಾಂಜನ. ಹುಡುಗರು ಅಲ್ಲಿ ಒತ್ತಿಕೊಂಡು ನಿಂತು ಬಗ್ಗಿ ನೋಡುತ್ತಿದ್ದರಂತೆ. ನೀನು ಗೆಲಿಲಿಯೋ 18 ವರ್ಷ ಪಾಠ ಮಾಡಿದ್ದು, ಮೈಯಲ್ಲಿ ರಕ್ತ ಹೇಗೆ ಸುತ್ತುತ್ತದೆ ಅಂತ ತೋರಿಸಿದ ಹಾರ್ವೆ ಓದಿದ್ದು ಎಲ್ಲ ಹೇಳುತ್ತಿದ್ದೆ. ನಾನು ಕೇಳಿದ್ದು ಒಂದೇ, ಹೆಣ ಯಾರದು? ಗಲ್ಲಿಗೇರಿದವರದು, ಅದರಲ್ಲೂ ಹೊರಗಿನವರದು ಅಂದೆ ನೀನು.

ಹೊರಗಿನವರದು! ಊರಿನವರದಾದರೆ ಮನೆಯವರು ಬಂದು ಕೇಳುತ್ತಾರಲ್ವಾ?

ಆಮೇಲೆ ಪೆದ್ರೋಕಿ ಕೆಫೆಯ ಹಸಿರು ಕೋಣೆಯಲ್ಲಿ ಒದ್ದೆ ಬಟ್ಟೆಯಲ್ಲೇ ಕೂತೆವು. ಅಲ್ಲಿ ಏನೂ ಕೊಳ್ಳದೆ ಕೂರಬಹುದು ಅಂತ ನೀನು ಎಷ್ಟು ಹೇಳಿದರೂ ಅಮ್ಮ ಕಾಫಿ ತರಿಸಿದಳು. ನಾನು ಕಾಲುನೋವು ಅಂತ ಸುಮ್ಮನಿದ್ದೆ. ಕಾಲು ಚೆನ್ನಾಗೇ ಇತ್ತು. ನಿನಗೆ ಜ್ವರ ಬಂದರೆ ಬಾಗಿಲು ಬಡಿಯುವವರು ಯಾರು? ಆಸ್ಪತ್ರೆ ಫಾರಂನಲ್ಲಿ ಮನೆಯವರ ನಂಬರ್ ಕೇಳಿದರೆ ಯಾರದು ಬರೆಯುತ್ತೀ? ನನ್ನದು ಬರೆದರೂ, ವೀಸಾ ಸಿಕ್ಕಿ ನಾನು ಬಂದು ಇಳಿಯುವುದು ಯಾವಾಗ? 400 ವರ್ಷ ಹಳೆಯ ಹೆಣಕ್ಕೂ ನನಗೂ ಏನಪ್ಪಾ ಸಂಬಂಧ ಅಂತ ನೀನು ನಗುತ್ತೀ. ನಗು. ರಾತ್ರಿ ಎಚ್ಚರವಾದರೆ ನನಗೆ ಆ ಕೋಣೆಯೇ ಕಾಣುತ್ತದೆ.

ಎಲೆನಾ ಕೊರ್ನಾರೋ ಪ್ರತಿಮೆಯ ಪಕ್ಕ ನಿನ್ನ ಫೋಟೋ ತೆಗೆದೆನಲ್ಲ. 1678ರಲ್ಲೇ ಡಾಕ್ಟರೇಟ್ ಪಡೆದ ಹೆಣ್ಣುಮಗಳು. ದೇವತಾಶಾಸ್ತ್ರದಲ್ಲಿ ಕೊಡಲು ಬಿಷಪ್ ಒಪ್ಪಲಿಲ್ಲ, ತತ್ವಶಾಸ್ತ್ರದಲ್ಲಿ ಕೊಟ್ಟರು. "ಪಟ್ಟು ಹಿಡಿದು ಓದಿಸಿದ್ದು ಅವಳಪ್ಪ" ಅಂತ ನನ್ನ ಮುಖ ನೋಡಿಕೊಂಡೇ ಹೇಳಿದೆ. ತಾಗಿತು ಬಿಡು. ಆದರೆ ಆ ಅಪ್ಪ ವೆನಿಸ್‌ನ ದೊಡ್ಡ ಮನುಷ್ಯ. ಈಗಿನ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅವನಿಗೇನು ಕಷ್ಟ?

ಉಪದೇಶ ಬೇಡ ಅಂದುಕೊಂಡೇ ಬರೆಯಲು ಕೂತೆ. ಆದರೂ ಕೇಳು. ಇನ್ಶೂರೆನ್ಸ್ ಒಂದು ದಿನವೂ ತಪ್ಪಬಾರದು. ರೂಮಿನ ಇನ್ನೊಂದು ಕೀ ನಂಬಿಕೆಯವರ ಹತ್ತಿರ ಇರಲಿ. 112 ನಂಬರ್ ನೆನಪಿರಲಿ. ಲ್ಯಾಬ್ ಅಂತ ಊಟ ಬಿಡಬೇಡ. ಒದ್ದೆ ತಲೆಯಲ್ಲಿ ಮಲಗಬೇಡ. ಇಬ್ಬರು ಸ್ನೇಹಿತರ ನಂಬರ್ ನನಗೆ ಕಳಿಸು, ಸುಮ್ನೆ ಫೋನ್ ಮಾಡಿ ಪೀಡಿಸುವುದಿಲ್ಲ. ಜಾಸ್ತಿ ಆಯಿತು, ನಿಲ್ಲಿಸುತ್ತೇನೆ.

ಬೆಳಿಗ್ಗೆ ಬ್ಯಾಂಕಿನಲ್ಲಿ ಕೇಳದವರಿಗೂ "ಮಗಳಿಗೆ ಇಟಲಿಯಲ್ಲಿ ಪಿಎಚ್‌ಡಿ ಸೀಟು" ಅಂತ ಹೇಳಿಬಂದೆ. ಯಾವಾಗ ಸೇರುತ್ತಾಳೆ ಅಂತ ಒಬ್ಬರು ಕೇಳಿದರು. ಅದನ್ನು ನೀನು ಹೇಳುವ ಮೊದಲೇ ಫೋನ್ ಇಟ್ಟೆಯಲ್ಲ. ತಾರೀಖು ತಿಳಿಸು.

ನಿನ್ನ ಅಪ್ಪ