ಎನ್95 ಮಾಸ್ಕ್‌ಗೆ ಸ್ಯಾನಿಟೈಸರ್ ಹೊಡೆಯುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ಟಿಬಿ ವಾರ್ಡುಗಳಲ್ಲಿ ನರ್ಸ್‌ಗಳು, ಲ್ಯಾಬ್‌ನವರು ಒಂದೇ ಎನ್95 ಮಾಸ್ಕನ್ನು ದಿನಗಟ್ಟಲೆ ಹಾಕಿಕೊಳ್ಳುವುದು ಗುಟ್ಟೇನಲ್ಲ. ಅದಕ್ಕೆ ನನ್ನ ತಕರಾರೂ ಇಲ್ಲ. ತಕರಾರು ಇರುವುದು ಅದನ್ನು ‘ಕ್ಲೀನ್’ ಮಾಡುವ ರೀತಿಗೆ. ಡ್ಯೂಟಿ ಮುಗಿದ ಕೂಡಲೇ ಮಾಸ್ಕ್ ಬಿಚ್ಚಿ, ಒಳಗೂ ಹೊರಗೂ ಸ್ಯಾನಿಟೈಸರ್ ಹೊಡೆದು, ಪ್ಲಾಸ್ಟಿಕ್ ಕವರ್‌ಗೆ ತುರುಕಿ ಲಾಕರಿನಲ್ಲಿ ಇಡುತ್ತಾರೆ. ಕೊರೊನಾ ಕಾಲದಲ್ಲಿ ಅಂಟಿದ ಚಾಳಿ. ನಾನು ಕೆಲಸ ಮಾಡುವ ಕಡೆ ಹೊಸಬರಿಗೆ ಇದನ್ನು ಹೇಳಿಕೊಡುವವರೇ ಸೀನಿಯರ್ ಸಿಸ್ಟರ್‌ಗಳು.

ಎನ್95 ಬರೀ ಜಾಲರಿ ಅಲ್ಲ. ಅದರ ನಡುವಿನ ಪಾಲಿಪ್ರೊಪಿಲೀನ್ ಪದರದಲ್ಲಿ ಸ್ಥಿರ ವಿದ್ಯುತ್ ಇರುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುತ್ತದಲ್ಲ, ಹಾಗೆ ಆ ಪದರ ಸಣ್ಣ ಕಣಗಳನ್ನು ಹಿಡಿಯುತ್ತದೆ. ಆಲ್ಕೋಹಾಲ್ ಅಥವಾ ಸೋಪು ನೀರು ಬಿದ್ದರೆ ಆ ಶಕ್ತಿ ಹೋಗುತ್ತದೆ. ನೋಡುವುದಕ್ಕೆ ಮಾಸ್ಕ್ ಮೊದಲಿನ ಹಾಗೇ ಇರುತ್ತದೆ, ಹಾಕಿಕೊಂಡವರಿಗೆ ಏನೂ ಗೊತ್ತಾಗುವುದಿಲ್ಲ. ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಯಂತ್ರ) ಹಾಕಿದರೆ ಬಟ್ಟಲಿನ ಆಕಾರದ ಮಾಸ್ಕ್ ಸೊಟ್ಟಗಾಗುತ್ತದೆ. ಮಾರ್ಕೆಟ್ಟಿನಲ್ಲಿ ಸಿಗುವ ಯುವಿ (ನೇರಳಾತೀತ ಕಿರಣದ) ಡಬ್ಬಿಗಳ ಬೆಳಕು ಮಡಿಕೆಯ ಸಂದಿಗೆ, ಎಲಾಸ್ಟಿಕ್ಕಿನ ಅಡಿಗೆ ತಲುಪುವುದಿಲ್ಲ.

ಮಾಸ್ಕನ್ನು ಸರಿಯಾಗಿ ಶುದ್ಧ ಮಾಡುವ ವಿಧಾನ ಇಲ್ಲವೆಂದಲ್ಲ. 2020ರಲ್ಲಿ ಅಮೆರಿಕದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಆವಿ ಹಾಯಿಸುವ ದೊಡ್ಡ ದೊಡ್ಡ ಘಟಕಗಳನ್ನೇ ಹಾಕಿದ್ದರು. ಒಂದು ಮಾಸ್ಕನ್ನು 20 ಸಲ ಶುದ್ಧ ಮಾಡಬಹುದು ಅಂತ ಮೊದಲು ಒಪ್ಪಿಗೆ ಕೊಟ್ಟ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯವರು (ಎಫ್‌ಡಿಎ) ಆಮೇಲೆ ಅದನ್ನು 4ಕ್ಕೆ ಇಳಿಸಿದರು. ಹೊಸ ಮಾಸ್ಕ್ ಸಾಕಷ್ಟು ಸಿಗತೊಡಗಿದ ಮೇಲೆ, 2021ರ ಜೂನ್‌ನಲ್ಲಿ, ಒಪ್ಪಿಗೆಯನ್ನೇ ವಾಪಸ್ ಪಡೆದರು. ಗತಿಯಿಲ್ಲದಾಗ ಮಾಡಿದ ಕೆಲಸ ಅದು. ನಾವು ಮಾತ್ರ ಸ್ಪ್ರೇ ಬಾಟಲಿ ಬಿಟ್ಟಿಲ್ಲ.

ಇನ್ನೊಂದು ಮಾತು. ಟಿಬಿ ಗಾಳಿಯಲ್ಲಿ ಹರಡುತ್ತದೆ, ಮುಟ್ಟಿದ ವಸ್ತುವಿನಿಂದಲ್ಲ. ಹಾಗಾಗಿ ಟಿಬಿ ವಾರ್ಡಿನ ಮಾಸ್ಕ್‌ಗೆ ಏನನ್ನೂ ಹೊಡೆಯುವ ಅಗತ್ಯವೇ ಇಲ್ಲ! ಹೆಸರು, ತಾರೀಖು ಬರೆದ ಕಾಗದದ ಕವರ್‌ನಲ್ಲಿ ಇಟ್ಟು ಸುಮ್ನೆ ಒಣಗಲು ಬಿಟ್ಟರೆ ಸಾಕು. ನಾಲ್ಕೈದು ಮಾಸ್ಕ್ ಕೊಟ್ಟರೆ ಸರದಿಯ ಮೇಲೆ ಬಳಸಬಹುದು, ಕೊರೊನಾ ಸಮಯದಲ್ಲಿ ದೆಹಲಿಯ ಏಮ್ಸ್ ಕೂಡ ತನ್ನ ಸಿಬ್ಬಂದಿಗೆ ಇದನ್ನೇ ಹೇಳಿತ್ತು. ಪ್ಲಾಸ್ಟಿಕ್ ಕವರ್ ಬೇಡ, ಉಸಿರಿನ ಪಸೆ ಒಳಗೇ ಉಳಿಯುತ್ತದೆ. ಮಾಸ್ಕ್ ಹಾಕಿಕೊಂಡ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಎರಡೂ ಕೈಯಿಂದ ಅದನ್ನು ಮುಚ್ಚಿ ಹಿಡಿದು ಜೋರಾಗಿ ಉಸಿರು ಬಿಡಬೇಕು. ಮೂಗಿನ ಪಟ್ಟಿಯ ಪಕ್ಕದಿಂದ ಗಾಳಿ ಕಣ್ಣಿಗೆ ತಾಗಿದರೆ ಪಟ್ಟಿಯನ್ನು ಮತ್ತೆ ಒತ್ತಿ ಕೂರಿಸಬೇಕು. ಆಗಲೂ ಕೂರದಿದ್ದರೆ, ಎಲಾಸ್ಟಿಕ್ ಸಡಿಲವಾಗಿದ್ದರೆ, ರಕ್ತವೋ ಕಫವೋ ಸಿಡಿದಿದ್ದರೆ, ಅದು ಸೀದಾ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ. ಆಗ ‘ಇದನ್ನೇ ಇನ್ನೆರಡು ದಿನ ನಡೆಸಿ’ ಎನ್ನುವ ಮಾತು ಸ್ಟೋರ್‌ನಿಂದ ಬರಬಾರದು.

ಆರೋಗ್ಯ ಇಲಾಖೆ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಡ್ಯೂಟಿ ರೂಮುಗಳಲ್ಲಿ ಅಂಟಿಸಲಿ. ಕಾಗದದ ಕವರ್‌ಗೆ ಜಾಸ್ತಿ ಖರ್ಚೇನೂ ಆಗುವುದಿಲ್ಲ. ಮಾಸ್ಕ್‌ಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವಾಗ ಡಿ ಗ್ರೂಪ್ ನೌಕರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ನಮ್ಮಲ್ಲಿ ಅವರಿಗೆ ಸಿಗುವುದು ಸರ್ಜಿಕಲ್ ಮಾಸ್ಕ್ ಮಾತ್ರ. ರೋಗಿಯ ಕಫದ ಡಬ್ಬಿ ಎತ್ತುವವರು, ಹಾಸಿಗೆ ಬದಲಿಸುವವರು ಅವರೇ ಅಲ್ವಾ?

ಇತಿ,
ಒಬ್ಬ ಸ್ಟಾಫ್ ನರ್ಸ್
ತುಮಕೂರು ಜಿಲ್ಲೆ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)