‘ಹೆದರಬೇಡ’ ಎಂದರೆ ಸಾಲದು, ಜೊತೆಗೊಬ್ಬರು ಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಬೆನ್ನಿಗೇ ‘ಮುಂದೇನು ಓದಬೇಕು’ ಎಂಬ ಪುಟಗಳು ಪತ್ರಿಕೆಗಳಲ್ಲಿ ಬರುತ್ತವೆ. ಕ್ರೈಸ್ತ ಮನೆಗಳಲ್ಲಿ ಈ ದಿನಗಳಲ್ಲಿ ಇನ್ನೊಂದು ಮಾತೂ ಓಡಾಡುತ್ತದೆ: ದೇವರ ಕರೆ. ಮಗನಿಗೆ ದೇವಸೇವೆಯ ಮನಸ್ಸಿದೆ, ನಾಲ್ಕು ಜನರ ಮುಂದೆ ಬಾಯಿ ಏಳುವುದಿಲ್ಲ. ಮಗಳಿಗೆ ನರ್ಸಿಂಗ್ ಮುಗಿಸಿ ಹಳ್ಳಿ ಆಸ್ಪತ್ರೆಗೆ ಹೋಗುವ ಆಸೆಯಿದೆ, ಧೈರ್ಯ ಸಾಲದು. ಇಂಥವರಿಗೆ ನಮ್ಮ ಸಭೆಗಳಲ್ಲಿ (ಚರ್ಚುಗಳಲ್ಲಿ) ಸಿಗುವುದು ಬಹುತೇಕ ಒಂದೇ ಮಾತು: ‘ಭಯಪಡಬೇಡ, ದೇವರು ನೋಡಿಕೊಳ್ಳುತ್ತಾನೆ.’ ಅದರ ಮೇಲೆ, ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ‘ಭಯಪಡಬೇಡ’ ಎಂಬುದು 365 ಸಲ ಇದೆ, ದಿನಕ್ಕೊಂದು ಎಂಬ ವಾಟ್ಸ್‌ಆ್ಯಪ್ ಲೆಕ್ಕ. ಪದಸೂಚಿ ಹಿಡಿದು ಎಣಿಸಿ ನೋಡಿ, ಅಷ್ಟು ಸಿಗುವುದಿಲ್ಲ. ಎಣಿಸುವ ಬದಲು, ಆ ಮಾತು ಬಂದ ಕಡೆ ಅದರ ಬೆನ್ನಿಗೆ ಇನ್ನೇನು ಬಂತು ಎಂದು ನೋಡಿದರೆ ಹೆಚ್ಚು ಉಪಯೋಗ.

ಇಸ್ರಾಯೇಲಿನ ನಾಯಕ ಗಿದ್ಯೋನನನ್ನೇ ತೆಗೆದುಕೊಳ್ಳಿ (ನ್ಯಾಯಸ್ಥಾಪಕರು 6, 7). ಗೋದಿ ಬಡಿಯುವುದು ಗಾಳಿಯಾಡುವ ಕಣದಲ್ಲಿ. ಈತ ಶತ್ರುಗಳಾದ ಮಿದ್ಯಾನ್ಯರ ಕಣ್ಣಿಗೆ ಬೀಳಬಾರದೆಂದು ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಬಡಿಯುತ್ತಿದ್ದ. ಅಲ್ಲಿ ಹೊಟ್ಟು ಹೇಗೆ ಹಾರೀತು? ಅನ್ಯದೇವತೆ ಬಾಳನ ಯಜ್ಞವೇದಿ ಕೆಡವು ಎಂದು ದೇವರು ಹೇಳಿದಾಗ ಮನೆಯವರಿಗೂ ಊರವರಿಗೂ ಹೆದರಿ, ಹತ್ತು ಆಳುಗಳನ್ನು ಕಟ್ಟಿಕೊಂಡು ರಾತ್ರಿ ಹೊತ್ತು ಕೆಡವಿದ. ಹಗಲಲ್ಲೇ ಯಾಕೆ ಮಾಡಲಿಲ್ಲ ಎಂದು ದೇವರು ಗದರಲಿಲ್ಲ, ಕೆಲಸ ಲೆಕ್ಕಕ್ಕೆ ಬಂತು. ಮುಂದೆ ಯುದ್ಧಕ್ಕೆ ಸೇರಿದ 32,000 ಜನರಲ್ಲಿ ಹೆದರಿದವರು ಹಿಂತಿರುಗಬಹುದು ಎಂದಾಗ 22,000 ಮಂದಿ ಮನೆಗೆ ಹೋದರು. ಮತ್ತೆ ಸೋಸಿ ಕೊನೆಗೆ ಉಳಿದದ್ದು 300. ಆ ರಾತ್ರಿ ಗಿದ್ಯೋನನಿಗೆ ಬಂದ ಅಪ್ಪಣೆಯನ್ನು ನಿಧಾನವಾಗಿ ಓದಬೇಕು: ದಾಳಿಗೆ ಇಳಿಯಲು ಭಯವಾದರೆ ಮೊದಲು ನಿನ್ನ ಸೇವಕ ಪುರನನ್ನು ಕರೆದುಕೊಂಡು ಶತ್ರುವಿನ ಪಾಳೆಯದ ಹತ್ತಿರ ಹೋಗು, ಅವರು ಏನು ಮಾತಾಡುತ್ತಾರೋ ಕೇಳು. ಜೊತೆಗೊಬ್ಬ ಆಳು, ಮಾಡಲು ಒಂದು ಚಿಕ್ಕ ಕೆಲಸ. ಹೆದರಿದ ಸೈನಿಕರನ್ನು ಮನೆಗೆ ಕಳಿಸಿದ ದೇವರೇ ಹೆದರಿದ ನಾಯಕನಿಗೆ ಕೊಟ್ಟದ್ದು ಇದು.

ಇಸ್ರಾಯೇಲ್ಯರನ್ನು ಐಗುಪ್ತದಿಂದ ಬಿಡಿಸು ಎಂದು ದೇವರು ಕರೆದಾಗ ಮೋಶೆ ಐದು ನೆಪ ಹೇಳಿದ. ಐದನೆಯದಕ್ಕೆ ದೇವರಿಗೆ ಸಿಟ್ಟು ಬಂತು, ನಿಜ. ಆ ಸಿಟ್ಟಿನಲ್ಲೇ ಮಾತುಬಲ್ಲ ಅಣ್ಣ ಆರೋನನನ್ನು ಗೊತ್ತುಮಾಡಿದ. ಆಗ ತಮ್ಮನಿಗೆ 80, ಅಣ್ಣನಿಗೆ 83. ಹೆದರಿಕೆಗೂ ವಯಸ್ಸಿಗೂ ಸಂಬಂಧವಿಲ್ಲ ಎಂದು ನಮ್ಮ ಹಿರಿಯರು ಇಲ್ಲಿ ಗಮನಿಸಬಹುದು.

ನಮ್ಮ ಸಭೆಗಳು ತಪ್ಪುತ್ತಿರುವುದು ಈ ಏರ್ಪಾಟಿನಲ್ಲಿ. ಹುಡುಗರಿಗೆ ಮೊದಲ ಮೆಟ್ಟಿಲು ಆರಾಧನೆಯಲ್ಲಿ ವಾಕ್ಯ ಓದುವುದು. ಗಂಟೆ ಬಾರಿಸಲು ಹತ್ತು ನಿಮಿಷವಿರುವಾಗ ‘ಏ, ಇವತ್ತು ನೀನು ಓದಪ್ಪ’ ಎಂದು ಪುಸ್ತಕ ಹಿಡಿಸುತ್ತೇವೆ. ಅಲ್ಲಿ ತೊದಲಿದವನು ಮತ್ತೆ ಮುಂದೆ ಬರುವುದು ಕಷ್ಟ. ಭಾನುವಾರದ ಪಾಠ ಬುಧವಾರವೇ ಕೈಗೆ ಸಿಗಬೇಕು. ಹನ್ನೆರಡು, ಹದಿನೈದು ವಚನ ಸಾಕು. ದಿನಕ್ಕೆ ಎರಡು ಸಲ ನಿಂತುಕೊಂಡು, ದನಿ ತೆಗೆದು ಓದಬೇಕು. ಕಣ್ಣಲ್ಲೇ ಓದಿಕೊಂಡದ್ದು ನಾಲಿಗೆಗೆ ಬರುವುದಿಲ್ಲ. ತೊಡರುವ ಹೆಸರನ್ನು ಪೆನ್ಸಿಲಿನಿಂದ ಗೀಟು ಹಾಕಿ ಒಡೆದುಕೊಳ್ಳಿ: ನೆಬೂ / ಕದ್ / ನೆಚ್ಚರ. ಪಂಚಾಶತ್ತಮದ (ಈಸ್ಟರಿನಿಂದ ಐವತ್ತನೇ ದಿನದ ಹಬ್ಬದ) ಪಾಠವನ್ನಂತೂ ಹೊಸಬರಿಗೆ ಕೊಡಲೇಬೇಡಿ. ಪಾರ್ಥ್ಯರು, ಮೇದ್ಯರು, ಏಲಾಮ್ಯರು ಎಂದು ಶುರುವಾಗಿ ಮೂರೇ ವಚನದಲ್ಲಿ ಹದಿನೈದಕ್ಕೆ ಕಡಿಮೆಯಿಲ್ಲದ ಹೆಸರುಗಳು. ಪಳಗಿದವರೇ ಅಲ್ಲಿ ಬೆವರುತ್ತಾರೆ.

ಇನ್ನೊಂದು ತೊಡಕು ನಮ್ಮ ಭಾಷೆಯದೇ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ‘ಇಲ್ಲ’ ಎನ್ನುವುದೂ ಅಲ್ಲೇ. ಹೆದರಿದವರು ಒಂದೇ ಉಸಿರಿನಲ್ಲಿ ಓಡುತ್ತಾರೆ, ವಾಕ್ಯ ಮುಗಿಯುವ ಹೊತ್ತಿಗೆ ಉಸಿರೂ ಮುಗಿದು ಕೊನೆಯ ಪದ ಗಂಟಲಲ್ಲೇ ಉಳಿಯುತ್ತದೆ. ನಿಮ್ಮನ್ನು ಅನಾಥರಾಗಿ ಬಿಡುವುದಿಲ್ಲ ಎಂಬಲ್ಲಿ ‘ಇಲ್ಲ’ ನುಂಗಿಹೋದರೆ ಹಿಂದಿನ ಬೆಂಚಿಗೆ ಕೇಳಿಸುವುದು ಬೇರೆಯೇ ಸುವಾರ್ತೆ! ಉದ್ದ ವಾಕ್ಯಗಳಲ್ಲಿ ಕೊನೆಯ ಎರಡು ಪದದ ಹಿಂದೆ ಒಂದು ಚುಕ್ಕೆ ಇಟ್ಟು, ಅಲ್ಲಿ ಉಸಿರು ತೆಗೆದುಕೊಳ್ಳುವುದನ್ನು ರೂಢಿ ಮಾಡಿಸಿ. ಮೈಕ್ ಬಾಯಿಗೆ ಒಂದು ಗೇಣು ದೂರ, ತುಸು ಪಕ್ಕಕ್ಕಿರಲಿ. ನೇರ ಹಿಡಿದರೆ ‘ಪ’, ‘ಭ’ಗಳು ಪಟಪಟ ಎನ್ನುತ್ತವೆ, ಆ ಸದ್ದಿಗೇ ಓದುವವರು ಬೆಚ್ಚುತ್ತಾರೆ. ಕೈ ನಡುಗಿದರೆ ಬಿಡಿ ಹಾಳೆಯೂ ನಡುಗಿ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಪುಸ್ತಕ ಪೀಠದ ಮೇಲೇ ಇರಲಿ. ಮೊಬೈಲ್ ನೋಡಿ ಓದುವುದು ಬೇಡ. ಪರದೆ ಆರುತ್ತದೆ, ಇಲ್ಲವೇ ಯಾರದೋ ಕರೆ ಬರುತ್ತದೆ, ಅದು ದೇವರದಾಗಿರುವುದಿಲ್ಲ.

ಎರಡನೇ ಬೆಂಚಿನಲ್ಲಿ ಜೊತೆಗಾರರು ಕುಳಿತಿರಬೇಕು. ಗುರುವಾರ, ಶುಕ್ರವಾರ ಓದಿಸಿ ಕೇಳಿದವರೇ ಆದರೆ ಒಳ್ಳೆಯದು; ತಲೆ ಎತ್ತಿದಾಗ ನೋಡಲು ಒಂದು ಪರಿಚಯದ ಮುಖ. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಎಲ್ಲರೆದುರು ‘ಅದು ಹಾಗಲ್ಲಮ್ಮ, ಹೀಗೆ’ ಎಂದು ಉಚ್ಚಾರ ತಿದ್ದುವ ಹಿರಿಯರನ್ನು ಯಾರಾದರೂ ತಡೆಯಬೇಕು. ತಿದ್ದುಪಡಿ ಇದ್ದರೆ ಎರಡು ದಿನ ಬಿಟ್ಟು, ಒಂದೇ ಒಂದು ಹೇಳಿ. ಎರಡು, ಮೂರು ವಾರಕ್ಕೊಮ್ಮೆ ಸರದಿ ಬರಲಿ. ಮೂರು ತಿಂಗಳ ಅಂತರ ಬಿದ್ದರೆ ಭಯ ಮತ್ತೆ ಮೊದಲಿನಿಂದ ಶುರು.

ಓದು ಪಳಗಿದ ಮೇಲೆ ಬರೆದುಕೊಂಡ ಪ್ರಾರ್ಥನೆ, ಆಮೇಲೆ ಹತ್ತು ಹನ್ನೆರಡು ಜನರ ಮನೆ ಕೂಟದಲ್ಲಿ ಎಂಟು ನಿಮಿಷದ ಪ್ರಸಂಗ, ಅಂದರೆ ಬೋಧನೆ. ಎಂಟು ನಿಮಿಷವೆಂದರೆ ಕೈಬರಹದಲ್ಲಿ ನಾಲ್ಕೈದು ಪುಟ, ಒಂದು ವಾಕ್ಯಭಾಗ, ಒಂದು ವಿಷಯ. ಮೊದಲ ಸಾಲು, ಕೊನೆಯ ಸಾಲು ಬಾಯಿಪಾಠವಿರಲಿ. ಮುಗಿಸುವುದು ಹೇಗೆಂದು ತಿಳಿಯದೆ ಇಪ್ಪತ್ತೈದು ನಿಮಿಷ ಎಳೆಯುವವರು ಪಳಗಿದ ಬೋಧಕರಲ್ಲೂ ಇದ್ದಾರೆ.

ಪೂರ್ಣಾವಧಿ ಸೇವೆಗೆ ಹೋಗಲು ಹೆದರುವವರ ಮಾತು ಬೇರೆ. ಅವರು ಒಂದು ಹಾಳೆಯಲ್ಲಿ ಹೆದರಿಕೆಗಳನ್ನೆಲ್ಲ ಬರೆಯಲಿ. ಶುಲ್ಕ, ತಾಯಿಯ ಔಷಧ, ತಂಗಿಯ ಓದು ಒಂದು ಕಡೆ. ‘ಜನ ಏನಂದಾರು’, ‘ನಾನು ಯೋಗ್ಯನೇ’ ಇನ್ನೊಂದು ಕಡೆ. ಮೊದಲನೆಯ ಪಟ್ಟಿ ಅಪನಂಬಿಕೆಯಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕುತ್ತಾನೆ ಎಂದು ಯೇಸುವೇ ಹೇಳಿದ್ದಾನೆ (ಲೂಕ 14:28). ಆ ಪಟ್ಟಿಗೆ ಬೇಕಾದದ್ದು ಸಭೆಯ ಸಹಾಯಧನ, ಕುಟುಂಬದ ಜೊತೆ ಕುಳಿತು ಮಾತು. ಎರಡನೆಯ ಪಟ್ಟಿಗೆ ಪ್ರಾರ್ಥನೆಯೂ ಮೇಲೆ ಹೇಳಿದ ಜೊತೆಗಾರರೂ ಬೇಕು. ಶಿಬಿರದ ಕೊನೆಯ ರಾತ್ರಿ ಕಣ್ಣೀರಿನಲ್ಲಿ ಮಾಡಿದ ತೀರ್ಮಾನ ಆರು ತಿಂಗಳ ಮೇಲೂ ನಿಂತಿದೆಯೇ, ಸಭೆಯಲ್ಲಿ ಬೇರೆ ಇಬ್ಬರಿಗಾದರೂ ಅವರಲ್ಲಿ ಸೇವೆಯ ವರ ಕಂಡಿದೆಯೇ ಎಂದೂ ನೋಡಬೇಕು. ‘ದೇವರು ನಿನ್ನನ್ನು ಕರೆದಿದ್ದಾನೆ, ನಾಳೆಯೇ ಕೆಲಸ ಬಿಡು’ ಎನ್ನುವವರ ಮಾತಿಗೆ ಅವಸರ ಬೇಡ: ಪೌಲ ಕೊರಿಂಥದಲ್ಲಿ ಗುಡಾರ ಹೊಲಿದುಕೊಂಡೇ ಸುವಾರ್ತೆ ಸಾರಿದ. ದೇವಶಾಸ್ತ್ರ ಓದಲು ಹಣ ಕಟ್ಟುವ ಮುಂಚೆ ಆ ಕಾಲೇಜಿಗೆ ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ಟಿನ ಮಾನ್ಯತೆ ಇದೆಯೇ, ನಿಮ್ಮ ಡಯೋಸಿಸ್ (ಧರ್ಮಪ್ರಾಂತ) ಆ ಪದವಿಯನ್ನು ಒಪ್ಪುತ್ತದೆಯೇ ಎಂದು ಕೇಳಿ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಅಂಥ ಮಾನ್ಯತೆ ಇರುವುದು.

ಕರೆ ಎಂದರೆ ಪ್ರಸಂಗಪೀಠ ಒಂದೇ ಎಂದುಕೊಂಡು ಹೆದರುವವರೂ ಇದ್ದಾರೆ. ವಿಮೋಚನಕಾಂಡದಲ್ಲಿ ದೇವರ ಆತ್ಮದಿಂದ ತುಂಬಿದವನು ಎಂದು ಹೆಸರಿಟ್ಟು ಕರೆಸಿಕೊಂಡ ಬೆಚಲೇಲ ಚಿನ್ನ, ಬೆಳ್ಳಿ, ಕಲ್ಲು, ಮರದ ಕೆಲಸಗಾರ. 1853ರಲ್ಲಿ ಬಾಸೆಲ್ ಮಿಷನ್ನಿನ ಸುವಾರ್ತಿಕರಾಗಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್ ಅವರ ಹೆಸರು ಉಳಿದದ್ದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಿಂದ. ಮೂಲೆಯಲ್ಲಿ ಕುಳಿತು ಲೆಕ್ಕ ಬರೆಯುವ, ಹಾರ್ಮೋನಿಯಂ ಬಾರಿಸುವ, ರೋಗಿಗಳ ಮನೆಗೆ ಅನ್ನ ಒಯ್ಯುವ ಹುಡುಗಿಯನ್ನು ಪೀಠಕ್ಕೆ ತಳ್ಳಬೇಕಿಲ್ಲ.

ಒಂದು ಎಚ್ಚರಿಕೆ. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಮನೆ ಬಿಟ್ಟು ಹೊರಡಲಾಗದಿರುವುದು ವಾರಗಟ್ಟಲೆ ಇದ್ದರೆ ಅದನ್ನು ಸೈತಾನನ ಕಾಟ, ವಿಶ್ವಾಸದ ಕೊರತೆ ಎಂದು ಉಪವಾಸಕ್ಕೆ ಕೂರಿಸಬೇಡಿ. ವೈದ್ಯರಲ್ಲಿಗೆ ಕರೆದೊಯ್ಯಿರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು. ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ, ‘ದೇವರು ಹೇಡಿತನದ ಆತ್ಮವನ್ನು ಕೊಟ್ಟಿಲ್ಲ’ ಎಂದು ಬರೆದ ಪೌಲನೇ ಅವನ ಹೊಟ್ಟೆನೋವಿಗೆ ಮದ್ದನ್ನೂ ಹೇಳಿದ್ದ.

ಸಭಾಪಾಲಕರಿಗೂ ಸಭಾ ಸಮಿತಿಗಳಿಗೂ ಕೇಳುವುದಿಷ್ಟೇ: ಮುಂದಿನ ತಿಂಗಳ ಓದುಗರ ಸರದಿ ಪಟ್ಟಿಯಲ್ಲಿ ಎರಡು ಹೊಸ ಹೆಸರು ಸೇರಿಸಿ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಬುಧವಾರದಿಂದ ಅವರ ಜೊತೆ ಕೂರುವವರು ಯಾರೆಂದು ಬರೆಯಿರಿ.

— ಒಬ್ಬ ಓದುಗ, ಧಾರವಾಡ